ಬೆಂದ ಕತ್ತಾಳೆಯ ವಾಸನೆ

ಬಿಸಿಲು ಗ್ಲಾಸಿನೊಳಗಿಂದ ಹಾಯ್ದು ಮೇಜುಬಟ್ಟೆಯ ಮೇಲೆ ಜೇನಿನ ಬಣ್ಣದ ಕಲೆಯಾಗಿ ಅಲುಗುತ್ತಿದೆ, ಬಣ್ಣವಾದರೂ ಕಾಣುತ್ತದಲ್ಲ, ಓಕ್ ಪೀಪಾಯಿಯಲ್ಲಿ ವರ್ಷ ದಾಟಿದ ಟಕೀಲಾ ಎಂದು ಬಣ್ಣ ನೋಡಿಯೇ ಹೇಳಬಹುದು — ಬಾಯಿ ತಾನಾಗಿ ಹೇಳಿಕೊಂಡು ಹೋಗುತ್ತಿದೆ, ಪಾರ್ಕ್ ಸ್ಟ್ರೀಟಿನ ಹೋಟೆಲು, ಎದುರಿಗೆ ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರು, ಹೊಸ ಪ್ರಾಜೆಕ್ಟ್ ಸಿಕ್ಕಿತೆಂದು ಅವರ ಕಂಪನಿ ಕೊಡಿಸಿದ ಮಧ್ಯಾಹ್ನದ ಪಾರ್ಟಿ, ನಾನು ಮದ್ಯದ ಕಂಪನಿಯ ರಾಜಗೋಪಾಲ, ಮೂಗಿಗೆ ಸಂಬಳ ಪಡೆಯುವವನು, ಹೇಳುತ್ತಿದ್ದೇನೆ, ನಮ್ಮ ಕಡೆಯ ಬೇಲಿ ಕತ್ತಾಳೆಯ ಸಂಬಂಧಿ ಟಕೀಲಾ ಕೊಡುವ ಈ ನೀಲಿ ಗಿಡ, ಏಳೆಂಟು ವರ್ಷ ಬೆಳೆಯಬೇಕು, ಹೂವಿನ ಕಾಂಡ ತಲೆಯೆತ್ತಿದ ಕೂಡಲೇ ಕಡಿದುಬಿಡುತ್ತಾರೆ, ಬಿಟ್ಟರೆ ಸಿಹಿಯೆಲ್ಲ ಹೂವಿನ ಪಾಲು, ಎಲೆ ಸವರಿದರೆ ಉಳಿಯುವುದು ಅನಾನಸಿನಂಥ ದಪ್ಪ ದಿಂಡು, ಅದನ್ನು ಇಟ್ಟಿಗೆ ಒಲೆಯಲ್ಲಿ ಹಬೆಗಿಟ್ಟು ಬೇಯಿಸಿ, ಕಲ್ಲಿನ ಗಾಲಿ ಉರುಳಿಸಿ ಜಜ್ಜಿ, ರಸ ಹುದುಗಿಸಿ, ಎರಡು ಸಲ ಭಟ್ಟಿ ಇಳಿಸಿ — ಆ ಬೆಂದ ದಿಂಡಿನ ವಾಸನೆ ಇದೆಯಲ್ಲ, ಸುಟ್ಟ ಗೆಣಸು, ಜೋನಿಬೆಲ್ಲ, ನಿಮ್ಮ ಚಳಿಗಾಲದ ಈಚಲು ಬೆಲ್ಲ, ನೋಲೆನ್ ಗುಡ್ ನೆನೆಸಿಕೊಳ್ಳಿ ಅನ್ನುತ್ತೇನೆ, ಬಂಗಾಳಿ ಮುಖಗಳು ಅರಳುತ್ತವೆ, ನಾನೂ ನೆನೆಸಿಕೊಳ್ಳುತ್ತೇನೆ, ಬರುವುದು ಗೆಣಸು ಎನ್ನುವ ಶಬ್ದ ಮಾತ್ರ. ಕಳೆದ ಚಳಿಗಾಲ ತಾರಾತಲಾ ತಿರುವಿನಲ್ಲಿ ಮಿನಿಬಸ್ ಗಕ್ಕನೆ ನಿಂತು ಹಿಂದಲೆ ಕಬ್ಬಿಣದ ಕಂಬಕ್ಕೆ ಬಡಿಯಿತು, ರಕ್ತ ಕೂಡ ಬರಲಿಲ್ಲ, ಮರುದಿನದ ಕಾಫಿ ಬರೀ ಬಿಸಿ ಕಹಿ ನೀರು, ಮೂಗಿನ ನರದ ಎಳೆಗಳು ಹರಿದಿವೆ, ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೇಳಿದರು, ಇಷ್ಟು ತಿಂಗಳಾದರೂ ಬರಲಿಲ್ಲ ಅಂದರೆ ಇನ್ನು ಆಸೆ ಇಟ್ಟುಕೊಳ್ಳಬೇಡಿ. ಪೀಪಾಯಿ ಕಾಣದ್ದು ಬಿಳಿ, ಎರಡು ತಿಂಗಳು ಮಲಗಿದ್ದು ತಿಳಿ ಹಳದಿ, ವರ್ಷ ಮಲಗಿದ್ದು ಈ ಜೇನು, ಮರದ ಸಂದಿನಿಂದ ಒಂದಿಷ್ಟು ಗಾಳಿಗೆ ಹೋಗುತ್ತಲೇ ಇರುತ್ತದೆ, ಯಾರೂ ತಡೆಯಲಾರರು — ಗ್ಲಾಸು ಮೂಗಿಗೆ ಹಿಡಿಯುತ್ತೇನೆ, ಸೂಜಿಯಂಥ ಉರಿ, ಬೇರೇನಿಲ್ಲ, ಅಷ್ಟು ವರ್ಷದ ಮಣ್ಣು, ಒಲೆ, ಕಲ್ಲು, ಮರ ಎಲ್ಲ ಸೇರಿ ಒಂದು ಚುಚ್ಚು, ವೆನಿಲಾ ಅನ್ನುತ್ತೇನೆ, ಓಕ್, ಕೊನೆಗೆ ಒಂಚೂರು ದಾಲ್ಚಿನ್ನಿ. ಎದುರಿನವರು ಗ್ಲಾಸು ಮೂಸಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ವರ್ಷಿಣಿ ಎಂಬ ಬೆಂಗಳೂರಿನ ಹುಡುಗಿ, ಬಂದಾಗಲೇ ನನ್ನ ಹೆಸರು ಕೇಳಿ ಕನ್ನಡದಲ್ಲಿ ಮಾತಾಡಿಸಿದ್ದವಳು, ಹತ್ತಿರ ಬಂದು ಮೆಲ್ಲಗೆ, ಸರ್, ಗ್ಲಾಸಲ್ಲಿ ಸೋಪಿನ ವಾಸನೆ ಬರ್ತಿದೆ, ಎಲ್ಲರದ್ರಲ್ಲೂ. ನಗಬೇಕಿತ್ತು, ಗ್ಲಾಸು ಬದಲಿಸಿ ಅಂತ ಹೋಟೆಲಿನವರ ಮೇಲೆ ರೇಗಬೇಕಿತ್ತು, ನನಗೆ ವಾಸನೆ ಗೊತ್ತಾಗಲ್ಲಮ್ಮ ಅಂದುಬಿಟ್ಟೆ, ಇಲ್ಲಿ ಇನ್ಯಾರಿಗೂ ತಿಳಿಯದ ಭಾಷೆಯಾದ್ದರಿಂದ ಹೊರಬಂತೋ ಏನೋ, ಶೋಭನಾಳಿಗೂ ಹೇಳದ್ದು, ಬಸುರಿ ಹೆಂಡತಿಯ ಮುಂದೆ ಯಾಕೆ ಅಂತ ಮೊದಲು, ಆಮೇಲೆ ಹೇಳಲು ಬಾಯಿ ಬಾರದೆ. ಯಾವಾಗಿಂದ ಸರ್? ಹೋದ ಚಳಿಗಾಲದಿಂದ. ಹಾಗಾದ್ರೆ ಈಗ ಹೇಳಿದ್ದೆಲ್ಲ? ಬಾಯಿಪಾಠ ಅಂದೆ. ಅವಳು ಗ್ಲಾಸು ಮೇಜಿನ ಮೇಲಿಟ್ಟಳು, ಹಿಂದೆ ಯಾರೋ ಸೋಪ್ ಸೋಪ್ ಎಂದು ನಗುತ್ತಿದ್ದರು, ನಮ್ಮ ಕಂಪನಿಯ ಮ್ಯಾನೇಜರ್ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದ, ಇನ್ನೊಂದು ಮೂಗು ಹುಡುಕಲು ಅವನಿಗೆಷ್ಟು ಹೊತ್ತು.

ಮನೆಯಿರುವ ಬೆಹಾಲಾದಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು, ಮೆಟ್ಟಿಲು ಹತ್ತುವಾಗಲೂ ಹೇಳಿಬಿಡೋಣ ಅಂದುಕೊಂಡೇ ಬಂದೆ, ಶೋಭನಾ ಬಾಗಿಲು ತೆಗೆಯುತ್ತಾಳೆ, ತೋಳಲ್ಲಿ ಇನ್ನೂ ಹೆಸರಿಡದ ಮಗಳು, ಈಗ ತಾನೆ ನೀರು ಹಾಕಿದೆ ರೀ, ತಗೊಳ್ಳಿ ಎಂದು ಕೈಗಿಡುತ್ತಾಳೆ, ಮೂಸಿ ನೋಡಿ, ನಿಮ್ಮ ಟಕೀಲಾಗೆ ಹೇಳ್ತೀರಲ್ಲ ಹಾಗೆ ಇವಳಿಗೂ ಹೇಳಿ, ಏನೇನು ವಾಸನೆ. ಮುಖ ಬಗ್ಗಿಸುತ್ತೇನೆ, ಹಸಿ ಕೂದಲು, ಬಿಸುಪು, ಉಸಿರು ಎಳೆದಷ್ಟೂ ಬರೀ ಗಾಳಿ, ಇಲ್ಲಿ ಚುಚ್ಚುವ ಉರಿಯೂ ಇಲ್ಲ, ಹಾಲು ಅನ್ನುತ್ತೇನೆ, ಸಾಂಬ್ರಾಣಿ ಅನ್ನುತ್ತೇನೆ. ಸಾಂಬ್ರಾಣಿ ಇವತ್ತು ಹಾಕಲೇ ಇಲ್ವಲ್ರೀ, ಅವಳು ನಗುತ್ತಿದ್ದಾಳೆ, ಸರಿಯಾಗಿ ನೋಡಿ, ಇನ್ನೇನು — ತುಟಿಯ ಕೆಳಗೆ ನೆತ್ತಿ ಮಿಡಿಯುತ್ತಿದೆ, ಮೂಳೆ ಕೂಡದ ಆ ಮೆತ್ತನೆ ಜಾಗ ಏಳುತ್ತದೆ, ಇಳಿಯುತ್ತದೆ, ಇನ್ನೇನು ರೀ, ಅವಳ ನಗು ನಿಂತಿದೆ, ನೆತ್ತಿ ಏಳುತ್ತದೆ, ಇಳಿಯುತ್ತದೆ, ಮೂಗಿನ ತುದಿಗೇ ತಾಗುತ್ತಿದೆ, ನೆತ್ತಿ, ಆ ನೆತ್ತಿ —