ತುಳಸಾಬಾಯಿಯವರ ಸ್ವಂತ ಮಾತು

ಎದುರಿಗಿದ್ದವರು ಮಾತಾಡತೊಡಗಿದರೆ ಸಾಕು, ತುಳಸಾಬಾಯಿಯವರ ಬಲಗೈಯ ತೋರುಬೆರಳು ತನ್ನಷ್ಟಕ್ಕೆ ತಾನೇ ತೊಡೆಯ ಮೇಲೆ ಚಲಿಸತೊಡಗುತ್ತದೆ. ಸಂಬಂಧಿಕರ ಕುಶಲವಿರಲಿ, ತರಕಾರಿಯವನ ತೆಲುಗು ವಾಗ್ವಾದವಿರಲಿ, ಅದೆಲ್ಲ ಶೀಘ್ರಲಿಪಿಯಾಗಿ ಸೀರೆಯ ನಿರಿಗೆಯ ಮೇಲೆ ಮೂಡಿ ಮಾಯವಾಗುತ್ತದೆ. ಹೈದರಾಬಾದಿನ ಸರ್ಕಾರಿ ಕಚೇರಿಯೊಂದರಲ್ಲಿ ಅಧಿಕಾರಿಗಳು ಹೇಳಿದ್ದನ್ನು ಬರೆದುಕೊಳ್ಳುತ್ತಲೇ ಅವರ ಯೌವನವೂ ಪ್ರೌಢವಯಸ್ಸೂ ಕಳೆದವು. ನಿವೃತ್ತರಾಗಿ ಅದೇ ಊರಿನ ತಾರ್ನಾಕದ ಮನೆಯಲ್ಲಿ ನೆಲೆಸಿದ ಮೇಲೂ ಅವರದು ಒಳಕೋಣೆಯಿಂದ ಸಾಹೇಬರು ಗಂಟೆ ಬಾರಿಸಿದ್ದಾರೆಂಬಂಥ ಅವಸರದ ನಡಿಗೆ. ಮೇ ತಿಂಗಳ ಬಿಸಿಲಲ್ಲೂ ಹೆಗಲ ಮೇಲೆ ಕಚೇರಿಯ ಕಾಲದ ಬೂದುಬಣ್ಣದ ಸ್ವೆಟರು. ಯಾವ ವಿಷಯದಲ್ಲಿ ಅಭಿಪ್ರಾಯ ಕೇಳಿದರೂ “ಅವರು ಹಂಗಂತಾರ, ಇವರು ಹಿಂಗಂತಾರ” ಎಂದು ಪರರ ಮತಗಳನ್ನು ಚಾಚೂ ತಪ್ಪದೆ ಒಪ್ಪಿಸಿ ಸುಮ್ಮನಾಗುತ್ತಿದ್ದರು.

ಇಂಥವರಿಗೆ ಬ್ಲಾಗ್ ಬರೆಯುವ ಹಂಬಲ ಹುಟ್ಟಿತು. ಬದುಕು ಕಲಿಸಿದ್ದನ್ನು ಬರೆಯಬೇಕು, ಅದೂ ಕಚೇರಿಯಲ್ಲಿ ಒಮ್ಮೆಯೂ ಬಳಸದ ಕನ್ನಡದಲ್ಲಿ. ಊರಿನ ಇನ್ನೊಂದು ತುದಿಯ ಗಚ್ಚಿಬೌಲಿಯಲ್ಲಿರುವ ಅಣ್ಣನ ಮಗಳು ಪ್ರಾಜಕ್ತಾ ಒಂದು ಭಾನುವಾರ ಬಂದು ಎಲ್ಲ ಅಣಿಮಾಡಿಕೊಟ್ಟಳು. ಮೊದಲ ಬರಹಗಳನ್ನು ಓದಿ ನಕ್ಕಳು.

“ಅತ್ಯಾ, ಇದರಾಗ ನಿಮ್ಮ ಸಾಹೇಬ್ರು ಅದಾರ, ತೀರಿಕೊಂಡ ಮಾಮಾ ಅದಾರ, ನಮ್ಮಪ್ಪಾನೂ ಅದಾರ. ನೀವೆಲ್ಲಿ ಅದೀರಿ?”

ಪ್ರಶ್ನೆ ನಾಟಿತು. ಹಲವು ದಿನ ಕೀಲಿಮಣೆಯ ಮುಂದೆ ಸುಮ್ಮನೆ ಕೂತವರು, ಕೊನೆಗೆ ಯಾರಿಗೂ ಹೇಳದ ಪ್ರಸಂಗವೊಂದನ್ನು ಬರೆದರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಾಗ ಅಣ್ಣ ಮಲ್ಲಿಕಾರ್ಜುನರಾಯರು ಕಲಬುರಗಿಯಿಂದ ಬಂದು, ನೌಕರಿ ಬಿಟ್ಟು ತಮ್ಮ ಮನೆಗೆ ಬಂದುಬಿಡು ಎಂದಿದ್ದರು. ರಾಜೀನಾಮೆಯ ಒಕ್ಕಣೆಯನ್ನೂ ತಾವೇ ಹೇಳತೊಡಗಿದ್ದರು. ಹೇಳಿದ್ದನ್ನೆಲ್ಲ ಬರೆದೇ ರೂಢಿಯಾದ ಕೈ ಅಂದು ಮೊದಲ ಸಲ ನಿಂತಿತು. ಪೆನ್ನು ಕೆಳಗಿಟ್ಟು “ಇಲ್ಲ” ಎಂದಿದ್ದರು. “ಅಣ್ಣನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ, ಅವರ ಮಾತು ಮಾತ್ರ ನಡೆಯಲಿಲ್ಲ. ಎರಡೂ ಒಟ್ಟಿಗೆ ಸಾಧ್ಯವೆಂದು ಆ ದಿನ ಕಲಿತೆ” ಎಂದು ಬರಹ ಮುಗಿದಿತ್ತು.

ಬಂಧುಬಳಗದ ಫೋನುಗಳಲ್ಲೆಲ್ಲ ಅದು ಹರಿದಾಡಿತು. ಮರುವಾರವೇ ರಾಯರು ತಾರ್ನಾಕದ ಬಾಗಿಲಲ್ಲಿ ನಿಂತಿದ್ದರು.

“ತುಳಸಾ, ಮಂದಿ ಏನಂದಾರು? ಮೊದಲ ಅದನ್ನ ತಗದ್ಹಾಕು.”

ತಾಟಿನಲ್ಲಿ ಅವಲಕ್ಕಿ ತಂದಿಟ್ಟು ತುಳಸಾಬಾಯಿ ಎದುರಿಗೆ ಕೂತರು. ಧ್ವನಿ ತಗ್ಗಿಸಲಿಲ್ಲ.

“ಸುಳ್ಳು ಎಲ್ಲೈತಿ ತೋರಸ್ರಿ ಅಣ್ಣಾ, ಈಗ ಅಳಸ್ತೀನಿ. ಖರೇ ಇದ್ದೂ ನಿಮಗ ಬ್ಯಾಸರಾಗಿದ್ರ ಕೆಳಗ ಬರೀರಿ. ಓದಿದವರು ಬರಿಯಾಕ ಅಲ್ಲಿ ಜಾಗಾ ಐತಿ.”

ರಾಯರು ತಾಟು ಮುಟ್ಟದೆ ಹೊರಟುಹೋದರು. ಆಮೇಲೆ ಬಹಳ ದಿನ ಫೋನಿಲ್ಲ. ಅಣ್ಣನನ್ನು ಕಳೆದುಕೊಂಡೆನೇ ಎಂಬ ಅಳುಕು ಕಾಡಿದರೂ ತುಳಸಾಬಾಯಿ ಬರಹವನ್ನು ಅಳಿಸಲಿಲ್ಲ. ವಾರಕ್ಕೊಂದು ಹೊಸದನ್ನು ಬರೆಯುತ್ತಲೇ ಹೋದರು. ಶ್ರಾವಣದ ಒಂದು ಬೆಳಿಗ್ಗೆ ಆ ಹಳೆಯ ಬರಹದ ಕೆಳಗೆ ರಾಯರ ಹೆಸರು ಕಾಣಿಸಿತು: “ತಂಗಿ ಬರದಿದ್ದು ಖರೇ ಐತಿ. ಅವತ್ತು ಭಾಳ ಸಿಟ್ಟು ಬಂದಿತ್ತು. ಆದ್ರ ಆಮ್ಯಾಲೆ ಊರ ಮಂದಿಗೆಲ್ಲಾ, ನನ್ನ ತಂಗಿ ಹೈದರಾಬಾದಿನ್ಯಾಗ ಸರ್ಕಾರಿ ನೌಕರಿ ಮಾಡ್ತಾಳ ಅಂತ ಎದಿ ಉಬ್ಬಿಸಿ ಹೇಳ್ಕೋತ ಬಂದೀನಿ.”

ತುಳಸಾಬಾಯಿ ಕನ್ನಡಕ ಒರೆಸಿಕೊಂಡರು. ಪ್ರಾಜಕ್ತಾಳಿಗೆ ಫೋನು ಮಾಡಿ ಗಟ್ಟಿಯಾಗಿ ಓದಿ ಹೇಳಿದರು. ಅವಳು ಮತ್ತೆ ಓದಿ ಎನ್ನದಿದ್ದರೂ ಇನ್ನೊಂದು ಸಲ ಓದಿದರು.

ಪರರ ಮಾತನ್ನು ಲೋಪವಿಲ್ಲದೆ ಬರೆದುಕೊಟ್ಟು ಆಯುಷ್ಯ ಸವೆಸಿದವರು ನಮ್ಮ ಕಚೇರಿಗಳಲ್ಲೂ ಮನೆಗಳಲ್ಲೂ ಬಹಳ ಮಂದಿ ಇದ್ದಾರೆ. ಅವರ ಮೌನವನ್ನು ಸಮ್ಮತಿಯೆಂದೇ ಬಗೆದು ನಾವು ಹೇಳುತ್ತಲೇ ಹೋಗುತ್ತೇವೆ. ತಡವಾಗಿ ತಮ್ಮ ಮಾತಿಗೆ ತೊಡಗಿದಾಗ ಅಂಥವರು ಕೂಗಾಡುವುದಿಲ್ಲ, ಹಳೆಯ ಸೇಡು ತೀರಿಸಿಕೊಳ್ಳುವುದೂ ಇಲ್ಲ. ಒಂದು ವಾಕ್ಯವನ್ನು ತಪ್ಪಿಲ್ಲದೆ ಬರೆದು, ಕೆಳಗೆ ತಮ್ಮ ಹೆಸರು ಹಾಕಿ, ತಲೆಯೆತ್ತಿ ನಿಲ್ಲುತ್ತಾರೆ.