ಉಡಿಯೊಳಗಿನ ರೂಪಾಯಿ

ಯರಗಟ್ಟಿಯ ಅಂದಾನೆಪ್ಪನ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಆ ರೂಪಾಯಿ ಬಹಳ ದಿನ ಬಿದ್ದಿತ್ತು. ಅಚ್ಚು ಪಕ್ಕಕ್ಕೆ ಜರುಗಿ ಅರ್ಧ ನಾಣ್ಯ ಬೋಳಾಗಿತ್ತು, ಉಳಿದರ್ಧದಲ್ಲಿ ಸಿಂಹಗಳು ಅರೆಬರೆ. ಬಸ್ಸಿನ ಕಂಡಕ್ಟರ್ ಒಲ್ಲೆ ಎಂದ, ಹಾಲಿನವನು ಒಲ್ಲೆ ಎಂದ, ಬಾಗಿಲಿಗೆ ಬಂದ ಭಿಕ್ಷುಕ ಕೂಡ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಅಂಥದ್ದನ್ನು ಅಂದಾನೆಪ್ಪನ ಹೆಂಡತಿ ಅನ್ನಪೂರ್ಣಾ ಒಂದು ದಿನ ಬಾಯವ್ವನ ಉಡಿಗೆ ಹಾಕಿ ಕೈತೊಳೆದುಕೊಂಡಳು.

ಬಾಯವ್ವ ಹಿಂದಿನ ಓಣಿಯ ಹುಡುಗಿ. ಮುನವಳ್ಳಿಯ ರೈತರ ಮನೆಗೆ ಕೊಟ್ಟಿದ್ದರು. ತಾಯಿ ಲಗಮವ್ವ ತೀರಿಕೊಂಡ ಮೇಲೆ ಅವಳಿಗೆ ತವರೆಂಬುದು ಉಳಿದಿರಲಿಲ್ಲ. ಏಳು ತಿಂಗಳ ಬಸುರಿಯಾದಾಗ ಅನ್ನಪೂರ್ಣಾ ತಾನೇ ಹೇಳಿಕಳಿಸಿ ಕರೆಸಿದಳು. “ಇದ ನಿನ್ನ ತವರುಮನಿ ಅಂತ ತಿಳಿ” ಎಂದು ಹಸಿರು ಸೀರೆ ಉಡಿಸಿದಳು. ಅಲ್ಲಿಯವರೆಗೆ ಎಲ್ಲ ಚೆಂದ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಹಾಕಿ ರೂಪಾಯಿಗೆ ಕೈ ಹಾಕಿದಾಗ ಮಾತ್ರ ಬೆರಳು ಒಳ್ಳೆಯ ನಾಣ್ಯಗಳನ್ನೆಲ್ಲ ದಾಟಿ ಆ ಬೋಳು ನಾಣ್ಯವನ್ನೇ ಹಿಡಿಯಿತು. ಉಡಿ ಒಡ್ಡಿದವಳು ಬಗ್ಗಿ ನೋಡುವ ಪದ್ಧತಿಯಿಲ್ಲ. ಬಾಯವ್ವ ಸೆರಗು ಮುಚ್ಚಿಕೊಂಡು ಕಾಲಿಗೆರಗಿ ಹೊರಟಳು. ಸೀರೆಗೆ ದುಡ್ಡು ಸುರಿದವಳು ಒಂದು ರೂಪಾಯಿಗೆ ಜಿಪುಣತನ ಮಾಡುವುದೆಂದರೆ ಏನು ಹೇಳುವುದು! ಅಂಗಡಿಯವರ ಕೈ, ಅಭ್ಯಾಸ ಬಿಡಲಿಲ್ಲ.

ಇದು ಎರಡು ಸಾವಿರದ ಮೂರರ ಮಾತು. ಎರಡು ವರ್ಷದ ಮೇಲೆ ಅನ್ನಪೂರ್ಣಾಳ ತಮ್ಮ ಸಚಿನ ಬೈಲಹೊಂಗಲದಿಂದ ಬಂದ. ಬ್ಯಾಂಕಿನ ಕಾರಕೂನ, ನಾಣ್ಯ ಕೂಡಿಹಾಕುವ ಹುಚ್ಚು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ ಒಂದು ವಕ್ರ ನಾಣ್ಯವನ್ನು ಹೆಮ್ಮೆಯಿಂದ ತೋರಿಸಿದ.

“ಅಕ್ಕಾ, ಟಂಕಸಾಲ್ಯಾಗ ಅಚ್ಚು ತಪ್ಪಿದ್ದಕ್ಕ ಭಾಳ ಕಿಮ್ಮತ್ತ ಐತಿ. ಮುಂಬೈಗೆ ಕಳಿಸಿದರ ಖರೇ ಐತೋ ಖೋಟಾ ಐತೋ ಪರೀಕ್ಷಾ ಮಾಡತಾರ. ಎಷ್ಟು ಚೊಕ್ಕ ಐತಿ ಅಂತ ನಂಬರ್ ಕೊಟ್ಟು, ಹಿಂಗ ಸೀಲ್ ಮಾಡಿ ಕಳಸತಾರ. ಆಮ್ಯಾಲೆ ಐದ ಸಾವಿರಕ್ಕೂ ಕೇಳವರು ಅದಾರ.”

ಅಂದಾನೆಪ್ಪನ ಕೈಯಲ್ಲಿ ಚಹಾದ ಬಸಿ ಹಾಗೇ ನಿಂತಿತು. “ನಮ್ಮ ಗಲ್ಲಾದಾಗ ಒಂದ ಇತ್ತಲ್ಲ, ಏನ ಮಾಡಿದಿ ಅದನ್ನ?”

ಹೆಂಡತಿ ಹೇಳಿದಳು. ಅವನು ಬೈಯಲಿಲ್ಲ, ನಾಚಲೂ ಇಲ್ಲ. “ಹೋಗಿ ಇಸಗೊಂಡ ಬಾ” ಎಂದ.

ಉಡಿಗೆ ಹಾಕಿದ್ದನ್ನು ಹಿಂದೆ ಕೇಳುವುದೆಂದರೆ ಉಗುಳಿದ್ದನ್ನು ನೆಕ್ಕಿದ ಹಾಗೆ. ಅದು ಗೊತ್ತಿದ್ದೇ ಅನ್ನಪೂರ್ಣಾ ಮುನವಳ್ಳಿಯ ಬಸ್ಸಿನಲ್ಲಿ ಕೂತು ಒಂದು ಸುಳ್ಳನ್ನು ಹೊಸೆದಳು. “ಕೂಸಿಗೆ ವರ್ಷ ತುಂಬಿದ ಮ್ಯಾಲೆ ಉಡಿಯಾಗಿನ ರೂಪಾಯಿನ ತವರಿನವರು ಬದಲಿ ಮಾಡಿ ಕೊಡಬೇಕಂತ. ಸ್ವಾಮ್ಯಾರು ಹೇಳ್ಯಾರ.” ಇಂಥ ಪದ್ಧತಿ ಸವದತ್ತಿ ತಾಲೂಕಿನಲ್ಲಷ್ಟೇ ಅಲ್ಲ, ಭೂಮಿಯ ಮೇಲೆಯೇ ಇಲ್ಲ. ಬಾಯವ್ವ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ದೇವರ ಜಗಲಿಯ ಮೇಲಿಂದ ಸಣ್ಣ ಅರಿವೆಗಂಟನ್ನು ತಂದು ಕೊಟ್ಟಳು. ಹೊಸ ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು, “ಉಂಡ ಹೋಗ್ರಿ ವೈನಿ” ಎಂದಳು, ತವರಿನ ಅತ್ತಿಗೆಯನ್ನು ಕರೆಯುವ ಹಾಗೆ. ಅನ್ನಪೂರ್ಣಾ ಅರ್ಧ ರೊಟ್ಟಿ ತಿಂದು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಸಚಿನ ನಾಣ್ಯವನ್ನು ತೊಳೆಯಗೊಡದೆ, ಅಂಚಷ್ಟೇ ಹಿಡಿದು, ಹತ್ತಿಯಲ್ಲಿಟ್ಟು ಮುಂಬೈಗೆ ಕಳಿಸಿದ. ಕೆಲವು ತಿಂಗಳ ಮೇಲೆ ಅದು ಡಬ್ಬಿಯೊಳಗೆ ಕೂತು ಬಂತು, ಜೊತೆಗೊಂದು ಪ್ರಮಾಣಪತ್ರ: ನಾಣ್ಯ ಅಸಲಿ, ತಪ್ಪು ಟಂಕಸಾಲೆಯದೇ, ಆಮೇಲೆ ಯಾರೂ ಮಾಡಿದ್ದಲ್ಲ. ಅನ್ನಪೂರ್ಣಾ ಮಾಡಿದ ತಪ್ಪು ಅವಳದಲ್ಲ ಎಂದು ಅಂಥ ಪತ್ರ ಕೊಡುವವರು ಯಾರಿದ್ದರು?

“ಇಷ್ಟ ಛಲೋ ನಂಬರ್ ಯಾಕ ಬಂತು ಗೊತ್ತೇನಕ್ಕಾ?” ಎಂದ ಸಚಿನ. “ಭಾಳ ಕೈ ತಾಕಿಲ್ಲ ಇದಕ್ಕ. ಇಟ್ಟವರು ಭಾಳ ಜ್ವಾಕಿಲೆ ಇಟ್ಟಾರ.”

ಆ ಮಾತು ಅವಳನ್ನು ಚುಚ್ಚಿತು. ತಾನು ಕಸವೆಂದು ಎಸೆದದ್ದನ್ನು ಆ ಹುಡುಗಿ ದೇವರ ಪಕ್ಕ ಇಟ್ಟಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ತನ್ನದು ಒಂದು ರೂಪಾಯಿಗೆ ಹೋಗಿತ್ತು. ಬೆಳಗಾವಿಯಿಂದ ಗಿರಾಕಿ ಬರುವ ದಿನ ಗೊತ್ತಾದಾಗ ಅವಳು ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

“ಎಲ್ಲಿಗೆ ಹೊಂಟಿ? ರೂಪಾಯಿ ನಮ್ಮದು” ಎಂದ ಅಂದಾನೆಪ್ಪ.

“ಉಡಿಗೆ ಹಾಕಿದ ಮ್ಯಾಲೆ ನಮ್ಮದ ಹೆಂಗ ಆಗತೈತ್ರಿ?” ಎಂದಳು. ಗಂಡನಿಗೆ ಎದುರಾಡಿ ರೂಢಿಯಿಲ್ಲದವಳು ಹಿಂದಕ್ಕೆ ನೋಡದೆ ಮೆಟ್ಟಿಲು ಇಳಿದಳು.

ಬಾಯವ್ವ ಮತ್ತೆ ಬಸುರಿ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅನ್ನಪೂರ್ಣಾ ನಿಂತಲ್ಲೇ ಹೇಳಿಬಿಟ್ಟಳು:

“ಸ್ವಾಮ್ಯಾರು ಏನೂ ಹೇಳಿರಲಿಲ್ಲ ಬಾಯವ್ವ. ಯಾರೂ ಒಲ್ಲದ ರೂಪಾಯಿ ಅಂತ ಗೊತ್ತಿದ್ದ ನಿನ್ನ ಉಡಿಗೆ ಹಾಕಿದ್ದೆ. ಅದಕ್ಕ ಐದ ಸಾವಿರ ಕಿಮ್ಮತ್ತ ಬಂತು ಅಂತ ಸುಳ್ಳ ಹೇಳಿ ಇಸಗೊಂಡೆ. ತಪ್ಪಾತು. ತಗೋ, ಇದು ನಿಂದು.”

ಬಾಯವ್ವ ಮೊರ ಕೆಳಗಿಟ್ಟಳು. “ನನಗ ಗೊತ್ತಿತ್ರಿ ವೈನಿ.”

“ಏನ ಗೊತ್ತಿತ್ತು?”

“ಯಾರೂ ಒಲ್ಲದ ರೂಪಾಯಿ ಅಂತ. ಅದಕ್ಕೂ ಮೊದಲ ಯರಗಟ್ಟಿ ಸಂತಿಗೆ ಬಂದ ದಿನ, ಅಣ್ಣಾರು ಅದನ್ನ ಹಿಡದು ಬೈಯಾಕ ಹತ್ತಿದಾಗ ನಾ ನಿಮ್ಮ ಅಂಗಡ್ಯಾಗ ಬೆಲ್ಲಕ್ಕ ನಿಂತಿದ್ದೆ. ಮನಿಗೆ ಬಂದು ಉಡಿ ಬಿಚ್ಚಿದ ಕೂಡಲೆ ಗುರ್ತ ಸಿಕ್ತು.” ಅವಳು ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ಅತ್ತಿ ನೋಡಿದ್ದರ, ತವರಿನವರು ಖೋಟಾ ರೂಪಾಯಿ ಹಾಕ್ಯಾರ ಅಂತ ಓಣಿ ತುಂಬ ಹೇಳತಿದ್ದರು. ನಿಮ್ಮ ಹೆಸರ ಕೆಡತಿತ್ತು. ಅದಕ್ಕ ಅರಿವ್ಯಾಗ ಕಟ್ಟಿ, ಇದು ದೇವರದು, ಯಾರೂ ಮುಟ್ಟಬ್ಯಾಡ್ರಿ ಅಂತ ಜಗಲಿ ಮ್ಯಾಲೆ ಇಟ್ಟೆ.”

ಜ್ವಾಕಿಲೆ ಇಟ್ಟಾರ ಎಂದು ಸಚಿನ ಹೊಗಳಿದ್ದು, ಮುಂಬೈಯವರು ನಂಬರ್ ಕೊಟ್ಟು ಮೆಚ್ಚಿದ್ದು ಇದನ್ನು. ಅನ್ನಪೂರ್ಣಾ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಾಯವ್ವ ಡಬ್ಬಿಯನ್ನು ತಿರುಗಿಸಿ ನೋಡಿದಳು. “ಐದ ಸಾವಿರ ಅಂದ್ರ ಕೂಸಿಗೆ ಆಗತಾವು. ಬ್ಯಾಡ ಅನ್ನೂದಿಲ್ಲ” ಎಂದು ಮಡಿಲಲ್ಲಿಟ್ಟುಕೊಂಡಳು.

“ಈ ಸಲಾನೂ ಉಡಿ ತುಂಬಿಸ್ಕೊಳ್ಳಾಕ ನಮ್ಮ ಮನಿಗೆ ಬರತೀಯಿಲ್ಲೋ?” ಕೇಳಿದಳು ಅನ್ನಪೂರ್ಣಾ.

“ಬರತೇನ್ರಿ. ನನಗರೆ ಬ್ಯಾರೆ ತವರುಮನಿ ಎಲ್ಲೈತಿ?” ಬಾಯವ್ವ ಮತ್ತೆ ಮೊರ ಎತ್ತಿಕೊಂಡು ಜೋಳದಲ್ಲಿ ಕಣ್ಣಿಟ್ಟಳು. “ಆದ್ರ ಅಕ್ಕಿ ಅಷ್ಟ ಹಾಕ್ರಿ ವೈನಿ. ರೊಕ್ಕ ಇಡಬ್ಯಾಡ್ರಿ.”