ಊರು ಮುಗಿಯುವ ಕಲ್ಲು

ಊರು ಎಲ್ಲಿ ಮುಗಿಯುತ್ತದೆಂದು ಹುಣಸೆಕುಂಟೆಯಲ್ಲಿ ಸತ್ತವರಿಗೆ ಗೊತ್ತಿತ್ತು. ಸ್ಮಶಾನದ ದಾರಿಯಲ್ಲಿ, ಹೊಲಗಳು ಶುರುವಾಗುವ ಕಡೆ, ಒಂದು ಚಪ್ಪಡಿ ಕಲ್ಲು. ಚಟ್ಟವನ್ನು ಅದರ ಮೇಲೆ ಇಳಿಸುತ್ತಿದ್ದರು. ಮನೆಯ ಹೆಣ್ಣುಮಕ್ಕಳು ಸತ್ತವರ ಬಾಯಿಗೆ ಕೊನೆಯ ಅಕ್ಕಿ ಹಾಕಿ, ತಿರುಗಿ ನೋಡದೆ ಮನೆಗೆ ಹೋಗುತ್ತಿದ್ದರು. ಅಲ್ಲಿಂದ ಮುಂದೆ ಗಂಡಸರು ಮಾತ್ರ.

ಈಗ ಹುಣಸೆಕುಂಟೆ ಗೌರಿಬಿದನೂರಿನ ಒಂದು ವಾರ್ಡು. ಹೊಲಗಳೆಲ್ಲ ಸೈಟುಗಳಾದವು, ಮಳೆನೀರು ನಿಲ್ಲುತ್ತಿದ್ದ ಕುಂಟೆಯ ಮೇಲೆ ಕಲ್ಯಾಣಮಂಟಪ ಎದ್ದಿತು. ಕಲ್ಲು ಮಾತ್ರ ಅಲ್ಲೇ ಇದೆ, ಯಾರದೋ ಗೇಟಿನ ಮುಂದೆ, ಚರಂಡಿಯನ್ನು ಮುಚ್ಚಿಕೊಂಡು.

ಆದಿಲಕ್ಷ್ಮಮ್ಮನ ಚಟ್ಟ ಆ ಗೇಟಿನ ಮುಂದೆ ನಿಂತಿತು. ಮಗಳು ಭಾನುಪ್ರಿಯಾ ಹಿಡಿಯಲ್ಲಿ ಅಕ್ಕಿ ಹಿಡಿದು ಮುಂದೆ ಬಂದಳು. ಒಳಗಿನಿಂದ ಒಬ್ಬ ಹೆಂಗಸು ಒದ್ದೆ ಕೈಯಲ್ಲೇ ಓಡಿಬಂದಳು.

“ಇಲ್ಲಿ ಇಳಿಸ್ಬೇಡ್ರಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಒಳಗೆ ಮಗಳು ಹಸಿ ಬಾಣಂತಿ.”

ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಚಿಕ್ಕಪ್ಪ ಬಯ್ಯಪ್ಪ ರೇಗಿದರು. “ನಮ್ಮಪ್ಪನ್ನೂ ಇಲ್ಲೇ ಇಳಿಸಿದ್ದು ಕಣಮ್ಮ. ದಿನಾ ಇದರ ಮೇಲೆ ಸ್ಕೂಟ್ರು ಹತ್ತಿಸ್ತೀರಲ್ಲ, ಏನ್ ಕಲ್ಲು ಅಂತ ಕೇಳ್ಬಾರ್ದಾ?”

“ನಮಗೇನ್ ಗೊತ್ತು ಸಾರ್? ಸೈಟು ಮಾರಿದೋರು ಹೇಳ್ಬೇಕಿತ್ತು.”

ಮಾರಿದ್ದು ಭಾನುಪ್ರಿಯಾಳ ಅಪ್ಪ. ಅವಳು ತಲೆಯೆತ್ತಿದಳು. ಮಹಡಿಯ ಹಗ್ಗದ ತುಂಬ ಅಂಗೈಯಗಲದ ಬಟ್ಟೆಗಳು. ಒಳಗೆ ಮಗು ಒಂದೇ ಸಮ ಅಳುತ್ತಿತ್ತು.

“ನಡೀರಿ ಚಿಕ್ಕಪ್ಪ. ಮುಂದೆ ಇಳಿಸಣ.”

ಮುಂದೆ ಬ್ಯೂಟಿ ಪಾರ್ಲರ್. ಅದರಾಚೆ ಟ್ಯೂಷನ್ ಮನೆ. ಮಕ್ಕಳು ಎದ್ದು ನಿಂತು ನೋಡಿದರು. ಅದರಾಚೆ ಇನ್ನೂ ಆರದ ರಂಗೋಲಿ.

“ನಿಮ್ಮಮ್ಮ ಇದ್ದಾಗ್ಲೂ ಹಿಂಗೇ, ಹೊರಟ್ರೆ ಎಲ್ಲೂ ಕೂರ್ತಿರ್ಲಿಲ್ಲ,” ಬಯ್ಯಪ್ಪ ಏದುಸಿರು ಬಿಟ್ಟರು. ಹಿಂದೆ ಯಾರೋ ನಕ್ಕು ಸುಮ್ಮನಾದರು. “ಎಲ್ಲಾದ್ರೂ ಇಳಿಸ್ಬಿಡಣ ಕಣಮ್ಮ, ಹೆಗಲು ಬಿದ್ದೋಗ್ತೈತೆ.”

“ಎಲ್ಲಿ ಚಿಕ್ಕಪ್ಪ? ಎಲ್ಲಾ ಕಡೇನೂ ಯಾರ್ದೋ ಬಾಗ್ಲು.”

ಒಂದು ಅಡ್ಡರಸ್ತೆ ಮುಗಿದರೆ ಇನ್ನೊಂದು. ಹುಣಸೆಕುಂಟೆಯ ಹೆಂಗಸರು ಸಾವಿನ ಜೊತೆ ಇಷ್ಟು ದೂರ ಎಂದೂ ನಡೆದಿರಲಿಲ್ಲ. ಕೊನೆಗೆ ಎರಡು ಕಟ್ಟಡಗಳ ನಡುವೆ ಸ್ಮಶಾನದ ಗೇಟು. ಅದರ ಮುಂದೆಯೂ ಟೆಂಪೋ ನಿಂತಿತ್ತು, ಚಟ್ಟ ಇಳಿಸುವಷ್ಟು ಜಾಗವಿರಲಿಲ್ಲ. ಗಂಡಸರು ಸೋತ ಹೆಗಲುಗಳಲ್ಲಿ ನೇರ ಒಳಗೆ ನಡೆದುಬಿಟ್ಟರು. ಭಾನುಪ್ರಿಯಾ ಹಿಂದೆಯೇ ಓಡಿದಳು. ಗೇಟಿನ ಹತ್ತಿರ ಯಾರೂ ತಡೆಯಲಿಲ್ಲ; ಕಾಲುಗಳು ತಾವಾಗಿಯೇ ನಿಂತವು. ಅಮ್ಮನ ಹಸಿರು ಸೀರೆಯ ಅಂಚು ಅಷ್ಟು ದೂರ ಕಂಡಿತು, ಆಮೇಲೆ ಗಂಡಸರ ಬೆನ್ನುಗಳು.

ತಿರುಗಿ ನೋಡಬಾರದು, ಸರಿ. ಎಲ್ಲಿಂದ ನೋಡಬಾರದು? ಉಳಿದ ಹೆಂಗಸರು ತಲೆ ತಗ್ಗಿಸಿ ಮನೆಯ ಕಡೆ ನಡೆದರು. ಅವಳು ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡಿದಳು.

ಬಾಣಂತಿ ಮನೆಯ ಹೆಂಗಸು ಕಲ್ಲಿನ ಮೇಲೆ ನೀರು ಸುರಿಯುತ್ತಿದ್ದಳು. ಇವಳನ್ನು ಕಂಡು ಚೊಂಬು ಕೆಳಗಿಟ್ಟಳು.

“ಇಳಿಸಿದ್ರಾಮ್ಮಾ? ಜಾಗ ಸಿಕ್ತಾ?”

ಭಾನುಪ್ರಿಯಾ ಅಕ್ಕಿಯ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಸಿಕ್ತು,” ಅಂದಳು. “ಮಗು ಮಲಗ್ತಾ?”